ಮಾಳಿಗೆಯ ಮೇಲಿನ ಬಿಸಿಲು: ಅದರ ಬೆಲೆ, ಅದರ ಬಳಕೆ

ನಮ್ಮ ನಾಡಿಗೆ ವಿದ್ಯುಚ್ಛಕ್ತಿ ಬಂದುದು ನೀರಿನ ದಾರಿಯಿಂದ. 1902ರಲ್ಲಿ ಶಿವನಸಮುದ್ರದ ಬಳಿ ಕಾವೇರಿಯ ಧುಮುಕಿನಿಂದ ಉತ್ಪನ್ನವಾದ ವಿದ್ಯುತ್ತು ಸುಮಾರು ನೂರೈವತ್ತು ಕಿಲೋಮೀಟರು ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಅಂದಿನಿಂದ ನಮ್ಮ ಮನಸ್ಸಿನಲ್ಲಿ ಒಂದು ಚಿತ್ರ ಬೇರೂರಿಬಿಟ್ಟಿದೆ. ವಿದ್ಯುತ್ತು ಎಂದರೆ ದೂರದಲ್ಲೆಲ್ಲೋ ತಯಾರಾಗಿ, ಕಂಬದಿಂದ ಕಂಬಕ್ಕೆ ಹಾಯ್ದು, ಮೀಟರಿನ ಮೂಲಕ ಮನೆಯೊಳಗೆ ಬರುವ ವಸ್ತು. ನಾವು ಅದನ್ನು ಕೊಳ್ಳತಕ್ಕವರು, ತಿಂಗಳಿಗೊಮ್ಮೆ ಹಣ ತೆರತಕ್ಕವರು.

ಈ ಚಿತ್ರ ಈಗ ಬದಲಾಗುತ್ತಿದೆ. ಮನೆಯ ಮಾಳಿಗೆಯ ಮೇಲೆ ನಾಲ್ಕಾರು ನೀಲಿ ಫಲಕಗಳನ್ನು ಕೂರಿಸಿ ಮನೆಗೆ ಬೇಕಾದ ವಿದ್ಯುತ್ತನ್ನು ಅಲ್ಲಿಯೇ ತಯಾರಿಸಿಕೊಳ್ಳಬಹುದೆಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತಿದೆ. ಹಾಗೆ ಮಾಡುವುದು ಲಾಭವೇ, ನಷ್ಟವೇ, ಯಾರಿಗೆ ಲಾಭ, ಯಾರಿಗೆ ಅಲ್ಲ ಎಂದು ಬಂಧುಮಿತ್ರರು ನನ್ನನ್ನು ಆಗಾಗ ಕೇಳುವುದುಂಟು. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಹೇಳಲು ಯತ್ನಿಸುತ್ತೇನೆ.

ಮೊದಲು ಈ ಫಲಕದ ಕೆಲಸವನ್ನು ಸ್ಥೂಲವಾಗಿ ತಿಳಿದುಕೊಳ್ಳೋಣ. ಬೆಳಕು ಬಿದ್ದಾಗ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆ ಎಂಬುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಷ್ಟು ಹಿಂದೆಯೇ ಕಂಡಿದ್ದ. ಆದರೆ ಅದು ಬಳಕೆಗೆ ಯೋಗ್ಯವಾದ ಉಪಕರಣವಾಗಲು ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮೂವರು ವಿಜ್ಞಾನಿಗಳು ಸಿಲಿಕಾನಿನ ಸೌರಕೋಶವನ್ನು ಮಾಡಿ ತೋರಿಸಿದರು. ಬಿದ್ದ ಬಿಸಿಲಿನ ಶಕ್ತಿಯಲ್ಲಿ ಶೇಕಡಾ 6ರಷ್ಟನ್ನು ಮಾತ್ರ ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಬೆಲೆಯಂತೂ ಎಷ್ಟಿತ್ತೆಂದರೆ, ಅದನ್ನು ಬಳಸಲು ಸಾಧ್ಯವಾದದ್ದು ಬಾಹ್ಯಾಕಾಶದ ಉಪಗ್ರಹಗಳಿಗೆ ಮಾತ್ರ. 1958ರಲ್ಲಿ ಹಾರಿದ ವ್ಯಾನ್‌ಗಾರ್ಡ್ ಉಪಗ್ರಹ ಅಂಥ ಕೋಶಗಳನ್ನು ಹೊತ್ತಿತ್ತು. ಇಂದು ಅಂಗಡಿಯಲ್ಲಿ ದೊರೆಯುವ ಫಲಕಗಳು ಶೇಕಡಾ 20ಕ್ಕಿಂತ ಹೆಚ್ಚನ್ನು ಮಾರ್ಪಡಿಸುತ್ತವೆ. ಒಂದು ಕಾಲಕ್ಕೆ ಉಪಗ್ರಹಕ್ಕೆ ಮಾತ್ರ ಒದಗಿದ್ದ ವಸ್ತು ಇಂದು ಗೃಹಸ್ಥನ ಮಾಳಿಗೆಗೆ ಇಳಿದು ಬಂದಿದೆ.

ಫಲಕದಲ್ಲಿ ತಿರುಗುವ ಚಕ್ರವಿಲ್ಲ, ಸುಡುವ ಎಣ್ಣೆಯಿಲ್ಲ, ಸದ್ದಿಲ್ಲ. ಅದರಿಂದ ಹೊರಡುವ ವಿದ್ಯುತ್ತು ಟಾರ್ಚಿನ ಬ್ಯಾಟರಿಯದರಂತೆ ಒಂದೇ ದಿಕ್ಕಿನದು. ನಮ್ಮ ಫ್ಯಾನು, ಮಿಕ್ಸರು, ಫ್ರಿಜ್ಜುಗಳಿಗೆ ಅದು ಹೊಂದದು. ಆದ್ದರಿಂದ ಇನ್ವರ್ಟರ್ ಎಂಬ ಪೆಟ್ಟಿಗೆ ಅದನ್ನು ಮನೆಬಳಕೆಯ ವಿದ್ಯುತ್ತಾಗಿ ಬದಲಿಸುತ್ತದೆ. ಫಲಕ, ಇನ್ವರ್ಟರ್, ಫಲಕಗಳನ್ನು ಹೊರುವ ಕಬ್ಬಿಣದ ಚೌಕಟ್ಟು, ತಂತಿ, ಅರ್ತಿಂಗ್, ಮಿಂಚುವಾಹಕ, ಮೀಟರು, ಇಷ್ಟು ಸೇರಿದರೆ ಒಂದು ಮನೆಯ ವಿದ್ಯುದಾಗಾರ.

ಇದರಿಂದ ಎಷ್ಟು ವಿದ್ಯುತ್ತು ದೊರೆತೀತು? ಒಂದು ಕಿಲೋವಾಟ್ ಸಾಮರ್ಥ್ಯದ ಫಲಕಗಳಿಗೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಅಷ್ಟರಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆಂದು ಲೆಕ್ಕ ಹಿಡಿಯಬಹುದು. ಈ ಸರಾಸರಿ ಎಂಬ ಮಾತನ್ನು ಮಾತ್ರ ಮರೆಯಬಾರದು. ಫೆಬ್ರವರಿ, ಮಾರ್ಚಿಯ ತಿಳಿಯಾದ ದಿನಗಳಲ್ಲಿ ಐದು ಯೂನಿಟ್ ಬಂದರೆ, ಆಷಾಢದ ಮೋಡದ ದಿನಗಳಲ್ಲಿ ಎರಡು ಬರುವುದೂ ಕಷ್ಟ. ಧೂಳು, ಮೋಡ, ರಿಪೇರಿಯ ದಿನಗಳನ್ನೆಲ್ಲ ಕಳೆದು, ಒಂದು ಕಿಲೋವಾಟಿಗೆ ವರ್ಷಕ್ಕೆ 1,300ರಿಂದ 1,400 ಯೂನಿಟ್ ಎಂದು ಎಣಿಸಿಕೊಂಡರೆ ನಿರಾಶೆಗೆ ಎಡೆಯಿರುವುದಿಲ್ಲ.

ಇಲ್ಲಿ ಜನರಲ್ಲಿರುವ ಒಂದೆರಡು ತಪ್ಪು ಕಲ್ಪನೆಗಳನ್ನು ದೂರ ಮಾಡಬೇಕು. ಬಿಸಿಲು ಸುಡುಸುಡುವಷ್ಟೂ ವಿದ್ಯುತ್ತು ಹೆಚ್ಚು ಎಂದು ಹಲವರು ನಂಬಿದ್ದಾರೆ. ಫಲಕಕ್ಕೆ ಬೇಕಾದುದು ಬೆಳಕು, ಶಾಖವಲ್ಲ. ಫಲಕದ ಸಾಮರ್ಥ್ಯವನ್ನು ಅಳೆಯುವುದು 25 ಡಿಗ್ರಿ ಉಷ್ಣತೆಯಲ್ಲಿ. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿ ಏರಿದಂತೆಯೂ ಉತ್ಪಾದನೆ ಶೇಕಡಾ ಮೂರನೆಯ ಒಂದು ಭಾಗದಷ್ಟು, ಕೆಲವು ಬಗೆಯವುಗಳಲ್ಲಿ ಅದಕ್ಕಿಂತ ತುಸು ಹೆಚ್ಚು, ಕುಗ್ಗುತ್ತದೆ. ಬೇಸಗೆಯ ನಡುಹಗಲಿನಲ್ಲಿ ಫಲಕದ ಮೈ 60 ಡಿಗ್ರಿ ಮುಟ್ಟುವುದು ಸಾಮಾನ್ಯ. ಆಗ ಹತ್ತರಲ್ಲಿ ಒಂದು ಪಾಲು ಸೋರಿಹೋದಂತೆಯೇ. ಆದುದರಿಂದ ಫಲಕಗಳನ್ನು ತಾರಸಿಗೆ ಅಂಟಿಸಿದಂತೆ ಮಲಗಿಸದೆ, ಕೆಳಗೆ ಗಾಳಿಯಾಡುವಂತೆ ಎತ್ತರಿಸಿ ನಿಲ್ಲಿಸಬೇಕು.

ಎರಡನೆಯದು ನೆರಳು. ಒಂದು ಸಾಲಿನ ಫಲಕಗಳನ್ನು ಒಂದರ ಹಿಂದೊಂದರಂತೆ ಜೋಡಿಸಿರುವುದರಿಂದ, ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲು ಸೊರಗಬಹುದು. ಎತ್ತಿನ ಜೋಡಿಯಲ್ಲಿ ಒಂದು ಕುಂಟಿದರೆ ಇನ್ನೊಂದೂ ನಿಧಾನಿಸುವಂತೆ ಇದು. ಪಕ್ಕದ ನಿವೇಶನ ಇಂದು ಖಾಲಿಯಿರಬಹುದು. ನಾಳೆ ಅಲ್ಲಿ ಮೂರು ಅಂತಸ್ತಿನ ಮನೆ ಏಳಬಹುದು. ಇಪ್ಪತ್ತೈದು ವರ್ಷದ ವಸ್ತುವನ್ನು ಕೊಳ್ಳುವವನು ನೆರೆಯ ಖಾಲಿ ಜಾಗವನ್ನೂ ಕಣ್ಣಿಟ್ಟು ನೋಡಬೇಕು.

ಮೂರನೆಯದು ದಿಕ್ಕು. ಬೆಂಗಳೂರು, ಮೈಸೂರುಗಳು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹನ್ನೆರಡು, ಹದಿಮೂರು ಡಿಗ್ರಿಗಳಲ್ಲಿವೆ. ಫಲಕಗಳನ್ನು ದಕ್ಷಿಣಕ್ಕೆ ಮುಖಮಾಡಿ ಅಷ್ಟೇ ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ವರ್ಷದ ಒಟ್ಟು ಫಲ ಚೆನ್ನಾಗಿರುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆಂಬುದು ನಿಜ. ಆದರೆ ಆ ಕಾಲದ ಹೆಚ್ಚು ಭಾಗ ಮೋಡಕ್ಕೆ ಸೇರಿದುದಾದ್ದರಿಂದ ಅದರ ಚಿಂತೆ ಬೇಡ. ಓರೆಯಿಂದ ಇನ್ನೊಂದು ಉಪಕಾರವೂ ಇದೆ: ಮಳೆಯ ನೀರು ಧೂಳನ್ನು ತೊಳೆದುಕೊಂಡು ಇಳಿದುಹೋಗುತ್ತದೆ.

ಇನ್ನು ಹಣದ ಮಾತು. ತಿಂಗಳಿಗೆ ಮುನ್ನೂರು, ಮುನ್ನೂರೈವತ್ತು ಯೂನಿಟ್ ಬಳಸುವ, ಸ್ವಂತ ತಾರಸಿಯುಳ್ಳ ಒಂದು ಮನೆಯನ್ನು ಊಹಿಸೋಣ. ಅದಕ್ಕೆ ಮೂರು ಕಿಲೋವಾಟ್ ಸಾಕು. ಬ್ಯಾಟರಿಯಿಲ್ಲದೆ ಅಷ್ಟನ್ನು ಅಳವಡಿಸಲು, ಚೌಕಟ್ಟಿನ ಎತ್ತರ ಮತ್ತು ಸಾಮಗ್ರಿಯ ಗುಣವನ್ನು ಹೊಂದಿಕೊಂಡು, ಒಂದು ಲಕ್ಷ ಎಂಬತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿ ತಗಲಬಹುದು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟುಗಳಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು 78,000 ರೂಪಾಯಿಯ ಸಹಾಯಧನ ಗೊತ್ತಾಯಿತು. ಮೂರು ಕಿಲೋವಾಟಿಗಿಂತ ದೊಡ್ಡದನ್ನು ಹಾಕಿದರೂ ಸಹಾಯಧನ ಅಷ್ಟೇ. ಒಂದು ಲಕ್ಷ ತೊಂಬತ್ತು ಸಾವಿರದಲ್ಲಿ ಅದನ್ನು ಕಳೆದರೆ ಮನೆಯವರ ಕೈಯಿಂದ ಹೋಗುವುದು ಒಂದು ಲಕ್ಷ ಹನ್ನೆರಡು ಸಾವಿರ.

ಬರುವುದೆಷ್ಟು? ವರ್ಷಕ್ಕೆ ಸುಮಾರು 4,000 ಯೂನಿಟ್. 2024ರ ಏಪ್ರಿಲಿನಿಂದ ಕರ್ನಾಟಕದಲ್ಲಿ ಗೃಹಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 90 ಪೈಸೆಯ ಒಂದೇ ದರ ಜಾರಿಗೆ ಬಂದಿತು. ದರ ವರ್ಷವರ್ಷಕ್ಕೂ ಚೂರುಪಾರು ಏರಿಳಿಯುವುದರಿಂದ ನಾವು ಆರು ರೂಪಾಯಿ ಎಂದೇ ಹಿಡಿಯೋಣ. ವರ್ಷಕ್ಕೆ 24,000 ರೂಪಾಯಿ ಉಳಿಯಿತು. ಹಾಕಿದ ಹಣ ನಾಲ್ಕು ವರ್ಷ ಎಂಟು ತಿಂಗಳಲ್ಲಿ ಕೈಸೇರುತ್ತದೆ. ಸಹಾಯಧನವೇ ಇಲ್ಲದಿದ್ದರೆ ಎಂಟು ವರ್ಷ. ಫಲಕ ಇಪ್ಪತ್ತೈದು ವರ್ಷ ಬಾಳುವಂಥದು. ವರ್ಷಕ್ಕೆ ಅರ್ಧ ಶೇಕಡಾದಷ್ಟು ಮಾತ್ರ ಬಲ ಕುಂದುತ್ತದೆ. ಇನ್ವರ್ಟರಿಗೆ ಅಷ್ಟು ಆಯುಸ್ಸಿಲ್ಲ. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವ ಖರ್ಚನ್ನು ಈಗಲೇ ಎತ್ತಿಡಬೇಕು.

ಕೈಯಲ್ಲಿ ಒಟ್ಟಾಗಿ ಹಣವಿಲ್ಲದವರ ಗತಿಯೇನು? ಈ ಯೋಜನೆಗೆಂದು ಬ್ಯಾಂಕುಗಳು 2024ರಲ್ಲಿ ಶೇಕಡಾ ಏಳರ ಆಸುಪಾಸಿನ ಬಡ್ಡಿಗೆ ಸಾಲ ಕೊಡತೊಡಗಿದವು. ಒಂದು ಲಕ್ಷ ಹನ್ನೆರಡು ಸಾವಿರವನ್ನು ಆ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು 2,200 ರೂಪಾಯಿ ಚಿಲ್ಲರೆ. ಉಳಿತಾಯ ತಿಂಗಳಿಗೆ 2,000. ಐದು ವರ್ಷ ಕರೆಂಟಿನ ಬಿಲ್ಲನ್ನೇ ಕಟ್ಟುತ್ತಿದ್ದೇವೆಂದುಕೊಂಡು, ಅದಕ್ಕೆ ಇನ್ನಿಷ್ಟು ಸೇರಿಸಿ ಕಂತನ್ನು ಕಟ್ಟಿದರೆ, ಅನಂತರದ ಇಪ್ಪತ್ತು ವರ್ಷ ಮನೆಯವರದು. ವಾಸ್ತವವಾಗಿ ಫಲಕವನ್ನು ಕೊಳ್ಳುವುದೆಂದರೆ ಇಷ್ಟೇ: ಇಪ್ಪತ್ತೈದು ವರ್ಷಗಳ ಬಿಲ್ಲನ್ನು ಮೊದಲ ದಿನವೇ, ಆದರೆ ಬಹಳ ರಿಯಾಯಿತಿಯಲ್ಲಿ, ಕಟ್ಟಿಬಿಡುವುದು.

ಈ ಲೆಕ್ಕ ನಡೆಯುವುದು ಮೀಟರಿನ ಒಂದು ಏರ್ಪಾಡಿನಿಂದ. ಹಗಲಿನಲ್ಲಿ ಮನೆಯವರು ಕೆಲಸಕ್ಕೆ, ಶಾಲೆಗೆ ಹೋಗಿರುತ್ತಾರೆ. ಉತ್ಪಾದನೆ ಮಾತ್ರ ಆಗಲೇ ಹೆಚ್ಚು. ಹೆಚ್ಚಿದ್ದು ತಂತಿಯ ಮೂಲಕ ಹೊರಗೆ ಹರಿದು ನೆರೆಮನೆಗಳ ಬಳಕೆಗೆ ಸಲ್ಲುತ್ತದೆ. ಸಂಜೆ ನಮಗೆ ಬೇಕಾದಾಗ ತಂತಿಯಿಂದ ಒಳಗೆ ಬರುತ್ತದೆ. ಎರಡು ದಿಕ್ಕಿನ ಹರಿವನ್ನೂ ಅಳೆಯುವ ಮೀಟರು ತಿಂಗಳ ಕೊನೆಗೆ ಕೊಟ್ಟದ್ದನ್ನೂ ಕೊಂಡದ್ದನ್ನೂ ವಜಾ ಮಾಡಿ ತೋರಿಸುತ್ತದೆ. ನಾವು ಬಳಸಿದ್ದಕ್ಕಿಂತ ಹೆಚ್ಚು ಕೊಟ್ಟಿದ್ದರೆ ಅದಕ್ಕೂ ಬೆಲೆಯುಂಟು. ಆದರೆ ಆ ಬೆಲೆ ನಾವು ಕೊಳ್ಳುವ ದರಕ್ಕಿಂತ ಕಡಿಮೆ. 2013ರಲ್ಲಿ ನಮ್ಮ ರಾಜ್ಯದ ವಿದ್ಯುತ್ ಆಯೋಗ ಮಾಳಿಗೆಯ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಗೊತ್ತುಮಾಡಿದ್ದ ಕಾಲವಿತ್ತು. ಫಲಕದ ಬೆಲೆ ಇಳಿದಂತೆ ಆ ದರವೂ ಇಳಿಯಿತು. ಆದ್ದರಿಂದ ಈಗ ಮಾರುವ ಆಸೆಯಿಂದ ದೊಡ್ಡದನ್ನು ಹಾಕುವುದರಲ್ಲಿ ಅರ್ಥವಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ಲೇಸು. ಇಲ್ಲಿ ಹಾಸಿಗೆಯೆಂದರೆ ನಮ್ಮ ಬಳಕೆ. ತಿಂಗಳ ನಿಗದಿತ ಶುಲ್ಕವಂತೂ ತಂತಿಯ ಸಂಪರ್ಕ ಇರುವವರೆಗೂ ತಪ್ಪುವುದಿಲ್ಲ.

ಕೊಳ್ಳುವವರಲ್ಲಿ ಬಹುಮಂದಿಗೆ ಮೊದಲೇ ತಿಳಿಯದಿರುವ ಸಂಗತಿಯೊಂದಿದೆ. ಹೀಗೆ ತಂತಿಗೆ ಜೋಡಿಸಿದ ವ್ಯವಸ್ಥೆ, ಕರೆಂಟು ಹೋದ ಕೂಡಲೆ ತಾನೂ ನಿಂತುಬಿಡುತ್ತದೆ. ನೆತ್ತಿಯ ಮೇಲೆ ಉರಿಬಿಸಿಲಿದ್ದರೂ ಮನೆಯ ಫ್ಯಾನು ತಿರುಗದು. ಇದು ಯಂತ್ರದ ದೋಷವಲ್ಲ; ಬೇಕೆಂದೇ ಮಾಡಿದ ಏರ್ಪಾಡು. ಕಂಬ ಹತ್ತಿದ ಲೈನ್‌ಮನ್ ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ನಂಬಿ ಕೈಹಾಕಿದಾಗ, ನಮ್ಮ ಮಾಳಿಗೆಯಿಂದ ಹರಿದು ಬಂದ ವಿದ್ಯುತ್ತು ಅವನ ಪ್ರಾಣ ತೆಗೆಯಬಾರದಲ್ಲವೆ? ಕರೆಂಟು ಹೋದಾಗಲೂ ದೀಪ ಉರಿಯಬೇಕಾದರೆ ಬ್ಯಾಟರಿ ಬೇಕು, ಅದಕ್ಕೆ ತಕ್ಕ ಬೇರೆ ಬಗೆಯ ಇನ್ವರ್ಟರ್ ಬೇಕು. ಅದಕ್ಕೆ ಇನ್ನೊಂದು ಲಕ್ಷ ಖರ್ಚಾದರೆ ಹಣ ಮರಳುವ ಕಾಲ ಒಂಬತ್ತು ವರ್ಷಕ್ಕೆ ಹೋಗುತ್ತದೆ. ಸೀಸದ ಬ್ಯಾಟರಿ ಐದಾರು ವರ್ಷಕ್ಕೆ ಮುಗಿಯುತ್ತದೆ. ಲಿಥಿಯಮ್ಮಿನದು ಹೆಚ್ಚು ಬಾಳುತ್ತದೆ, ಬೆಲೆಯೂ ಹೆಚ್ಚು. ಕರೆಂಟು ಅಪರೂಪಕ್ಕೆ ಹೋಗುವ ಊರಿನಲ್ಲಿ ಬ್ಯಾಟರಿ ಅನಗತ್ಯವೆಂದೇ ನನ್ನ ಅಭಿಪ್ರಾಯ.

ಇಷ್ಟು ಹೇಳಿ ಮುಗಿಸಿದ್ದರೆ ಇದು ಅನುಕೂಲಸ್ಥರ ಲೆಕ್ಕವಾಗಿ ಉಳಿಯುತ್ತಿತ್ತು. ಒಮ್ಮೆ ನಾನು ಈ ಅಂಕಿಗಳನ್ನೆಲ್ಲ ವಿವರಿಸಿದಾಗ ನಮ್ಮ ಬೀದಿಯ ಹಿರಿಯ ಹೆಣ್ಣುಮಗಳೊಬ್ಬರು, "ಅಲ್ಲಾ ಮೇಷ್ಟ್ರೇ, ಕರೆಂಟೇ ಬಿಟ್ಟಿ ಬರ್ತಿರೋವಾಗ ಬಿಸಿಲನ್ನ ಯಾಕೆ ದುಡ್ಡು ಕೊಟ್ಟು ಕೊಳ್ಳಬೇಕು?" ಎಂದು ಕೇಳಿದರು. ಅವರ ಪ್ರಶ್ನೆ ಹುಡುಗಾಟದ್ದಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಂತೆ, ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ಸರಾಸರಿ ಬಳಕೆಗೆ ತುಸು ಸೇರಿಸಿದಷ್ಟು ವಿದ್ಯುತ್ತು ಉಚಿತ. ಆ ತಾಯಿಯ ಮನೆಯಲ್ಲಿ ತಿಂಗಳಿಗೆ ಬಳಸುವುದು ನೂರಿಪ್ಪತ್ತು ಯೂನಿಟ್; ಬಿಲ್ಲು ಸೊನ್ನೆ. ಅವರು ಒಂದು ಕಿಲೋವಾಟ್ ಹಾಕಿಸಿದರೆ, ಎಪ್ಪತ್ತು ಸಾವಿರದಲ್ಲಿ ಸಹಾಯಧನ ಮೂವತ್ತು ಕಳೆದು, ನಲವತ್ತು ಸಾವಿರ ಕೈಬಿಡುತ್ತದೆ. ಉಳಿಯುವ ಬಿಲ್ಲೇ ಇಲ್ಲದಿರುವಾಗ ಉಳಿತಾಯವೆಲ್ಲಿಂದ ಬಂತು? "ತಮಗೆ ಬೇಡಮ್ಮ" ಎಂದೇ ನಾನು ಹೇಳಿದೆ. ಆ ಉತ್ತರ ಅವರ ಮಟ್ಟಿಗೆ ಸರಿ.

ಆದರೆ ನಾಡಿನ ಮಟ್ಟಿಗೆ ಸರಿಯೆ? ಅವರ ಬಿಲ್ಲು ಸೊನ್ನೆಯಾದರೂ ಆ ವಿದ್ಯುತ್ತಿಗೆ ಬೆಲೆ ಇಲ್ಲದಿಲ್ಲ. ಅದನ್ನು ಸರ್ಕಾರ ತೆರುತ್ತದೆ. ವರ್ಷಕ್ಕೆ 1,440 ಯೂನಿಟ್, ಆರು ರೂಪಾಯಿಯಂತೆ 8,640 ರೂಪಾಯಿ. ಐದು ವರ್ಷಕ್ಕೆ ಅದು ನಲವತ್ತಮೂರು ಸಾವಿರ ದಾಟುತ್ತದೆ. ಅಂದರೆ ಐದು ವರ್ಷ ಕೊಡುವ ಹಣವನ್ನು ಒಮ್ಮೆಗೇ ಕೊಟ್ಟರೆ, ಆ ಮನೆಯ ಮಾಳಿಗೆಯಲ್ಲಿ ಇಪ್ಪತ್ತೈದು ವರ್ಷದ ಫಲಕ ನಿಲ್ಲಬಹುದು. ಹಗಲು ಹುಟ್ಟಿದ ವಿದ್ಯುತ್ತು ರಾತ್ರಿಯ ದೀಪಕ್ಕೆ ತಾನಾಗಿ ಒದಗದು, ರಾತ್ರಿಯ ವಿದ್ಯುತ್ತನ್ನು ಬೇರೆಡೆಯಿಂದ ತರಲೇಬೇಕು ಎಂಬ ಆಕ್ಷೇಪವನ್ನು ನಾನು ಬಲ್ಲೆ. ಲೆಕ್ಕ ನಾನು ಹೇಳಿದಷ್ಟು ನೇರವಲ್ಲ. ಆದರೂ ಬಿಲ್ಲು ಕಟ್ಟಬಲ್ಲವರ ಮಾಳಿಗೆಗೆ ಎಪ್ಪತ್ತೆಂಟು ಸಾವಿರದ ಸಹಾಯ, ಕಟ್ಟಲಾರದವರಿಗೆ ತಿಂಗಳ ಮಾಫಿ, ಈ ಎರಡು ಬಗೆಯ ನೆರವುಗಳಲ್ಲಿ ಒಂದು ಆಸ್ತಿಯನ್ನು ಉಳಿಸಿಹೋಗುತ್ತದೆ, ಇನ್ನೊಂದು ತಿಂಗಳಿಗೆ ತೀರಿಹೋಗುತ್ತದೆ ಎಂಬುದನ್ನು ನಾವು ಗಮನಿಸಬೇಕು.

ಮತ್ತೆ, ಮಾಳಿಗೆಯೇ ಇಲ್ಲದವರಿದ್ದಾರೆ. ಬಾಡಿಗೆ ಮನೆಯವರು ಇಪ್ಪತ್ತೈದು ವರ್ಷದ ವಸ್ತುವನ್ನು ಯಾರ ತಾರಸಿಯ ಮೇಲೆ ಇಡಬೇಕು? ಮನೆಯ ಯಜಮಾನನಿಗೆ ಅದರ ಗರಜಿಲ್ಲ. ಬಿಲ್ಲು ಕಟ್ಟುವವನು ಬಾಡಿಗೆದಾರ. ಬಹುಮಹಡಿಯ ಕಟ್ಟಡದಲ್ಲಿ ನಲವತ್ತು ಸಂಸಾರಕ್ಕೆ ಒಂದೇ ತಾರಸಿ. ದೆಹಲಿಯಲ್ಲಿ 2019ರಲ್ಲಿ ಇದಕ್ಕೊಂದು ದಾರಿ ಮಾಡಿದರು: ಫಲಕ ಒಂದೆಡೆ ಇದ್ದು, ಅದರ ಯೂನಿಟ್ಟುಗಳನ್ನು ಪಾಲುದಾರರ ಬಿಲ್ಲುಗಳಿಗೆ ಹಂಚುವ ನಿಯಮ. ಹೊಲವಿಲ್ಲದವರೂ ಸೇರಿ ಗುತ್ತಿಗೆಗೆ ಬೇಸಾಯ ಮಾಡುವಂತೆ ಇದು. ತಾರಸಿಯಿಲ್ಲದವರಿಗೆ ಬಿಸಿಲಿನಲ್ಲಿ ಪಾಲು ಸಿಗಬೇಕಾದರೆ ಇಂಥ ದಾರಿಗಳೇ ಬೇಕು.

ಮಲೆನಾಡಿನ ಮಾತು ಇನ್ನೂ ಬೇರೆ. ಅಡಕೆ ತೋಟದ ನಡುವಣ ಹೆಂಚಿನ ಮನೆ. ಸುತ್ತ ಮರದ ನೆರಳು. ಮಳೆಗಾಲದಲ್ಲಿ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ದಿನಗಟ್ಟಲೆ ಕತ್ತಲೆ. ಫಲಕ ಸೊರಗುವುದೂ ಅದೇ ದಿನಗಳಲ್ಲಿ. ಅಂಥಲ್ಲಿ ಮೂರು ಕಿಲೋವಾಟಿನ ದೊಡ್ಡ ವ್ಯವಸ್ಥೆಗಿಂತ, ಒಂದು ಚಿಕ್ಕ ಫಲಕ, ಒಂದು ಬ್ಯಾಟರಿ, ನಾಲ್ಕು ದೀಪಗಳ ಏರ್ಪಾಡೇ ಹೆಚ್ಚು ಉಪಯುಕ್ತ. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿದ ಹರೀಶ್ ಹಂದೆಯವರು ಇಂಥ ದೀಪಗಳನ್ನೇ ಹಳ್ಳಿಗಳಿಗೆ ಒಯ್ದರು. ಬಡವರು ಕೊಳ್ಳಲಾರರು, ಕೊಂಡರೂ ನೋಡಿಕೊಳ್ಳಲಾರರು ಎಂಬ ಮಾತನ್ನು ಆ ಕೆಲಸ ಸುಳ್ಳಾಗಿಸಿತು. ಗ್ರಾಮೀಣ ಬ್ಯಾಂಕಿನ ಸಾಲವನ್ನು ಕೊಳ್ಳುವವರ ಸಂಪಾದನೆಯ ಲಯಕ್ಕೆ ಹೊಂದಿಸಿ ಕಂತು ಮಾಡಿದುದು, ಕೆಟ್ಟರೆ ಬಂದು ನೋಡುವ ಜನವನ್ನು ಹತ್ತಿರದಲ್ಲೇ ಇಟ್ಟುದು, ಈ ಎರಡೇ ಅದರ ಗುಟ್ಟು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು.

ಕೊಳ್ಳಲು ಹೊರಟವರಿಗೆ ಕೆಲವು ಕಿವಿಮಾತುಗಳು. ಮೊದಲು ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕೂಡಿ ನೋಡಿ. ಎಷ್ಟು ಕಿಲೋವಾಟ್ ಬೇಕೆಂಬುದನ್ನು ಮಾರುವವನಲ್ಲ, ಆ ಬಿಲ್ಲುಗಳು ಹೇಳಲಿ. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ತಾರಸಿಯ ಮೇಲೆ ಎಲ್ಲಿ ನೆರಳು ಬೀಳುತ್ತದೆಂದು ಸೀಮೆಸುಣ್ಣದಲ್ಲಿ ಗುರುತು ಮಾಡಿ. ಚೌಕಟ್ಟಿನ ಕಾಲುಗಳಿಗಾಗಿ ತಾರಸಿಯನ್ನು ಕೊರೆಯುವುದಾದರೆ ನೀರು ಸೋರದಂತೆ ಮುಚ್ಚುವ ಹೊಣೆ ಯಾರದೆಂದು ಬರೆಸಿಕೊಳ್ಳಿ. ಗಾಳಿಗೆ ಹಾರದಂತೆ ಚೌಕಟ್ಟು ಗಟ್ಟಿಯಾಗಿರಲಿ; ಅದರಲ್ಲಿ ಉಳಿಸಿದ ಹಣ ಉಳಿತಾಯವಲ್ಲ. ಫಲಕಕ್ಕೆ, ಇನ್ವರ್ಟರಿಗೆ, ಜೋಡಣೆಯ ಕೆಲಸಕ್ಕೆ ಬೇರೆಬೇರೆ ಎಷ್ಟೆಷ್ಟು ವರ್ಷದ ಖಾತರಿಯೆಂದು ವಿಚಾರಿಸಿ. ಹದಿನೈದು ದಿನಕ್ಕೊಮ್ಮೆ ತಣ್ಣನೆಯ ಹೊತ್ತಿನಲ್ಲಿ ಫಲಕಗಳನ್ನು ಬರಿಯ ನೀರಿನಿಂದ ತೊಳೆಯಬೇಕು. ಆದ್ದರಿಂದ ಅಲ್ಲಿಗೆ ಹತ್ತಿಹೋಗಲು ಭದ್ರವಾದ ದಾರಿಯಿರಬೇಕು. ವಯಸ್ಸಾದವರಿರುವ ಮನೆಗಳಲ್ಲಿ ಈ ಕೊನೆಯ ಅಂಶ ಸಣ್ಣದಲ್ಲ.

ಒಟ್ಟಿನಲ್ಲಿ, ಬಿಸಿಲು ಎಲ್ಲರ ಮಾಳಿಗೆಯ ಮೇಲೂ ಒಂದೇ ಸಮನಾಗಿ ಬೀಳುತ್ತದೆ. ಲೆಕ್ಕ ಮಾತ್ರ ಮನೆಯಿಂದ ಮನೆಗೆ ಬೇರೆ. ಬಿಲ್ಲು ದೊಡ್ಡದಿದ್ದು, ತಾರಸಿ ಸ್ವಂತದ್ದಾಗಿದ್ದು, ನೆರಳಿಲ್ಲದಿದ್ದರೆ ಹಿಂಜರಿಯಬೇಕಾಗಿಲ್ಲ. ಬಿಲ್ಲು ಸೊನ್ನೆಯಿರುವವರು ಯಾರದೋ ಜಾಹೀರಾತಿಗೆ ಮರುಳಾಗಿ ಸಾಲ ಮಾಡಬೇಕಾಗಿಲ್ಲ. ಅಂಥವರ ಮಾಳಿಗೆಯ ಬಿಸಿಲು ವ್ಯರ್ಥವಾಗದಂತೆ ನೋಡುವುದು ಅವರೊಬ್ಬರ ಹೊಣೆಯಲ್ಲ, ನಮ್ಮೆಲ್ಲರದು.